ಜಿಮಖಾನಾದ ಹಣ: ಯಾವ ಆಟಕ್ಕೆ ಎಷ್ಟು?

ಪ್ರವೇಶದ ಗದ್ದಲ ಮುಗಿಯುತ್ತಿದ್ದಂತೆ, ಜುಲೈ ತಿಂಗಳ ಒಂದು ಮಧ್ಯಾಹ್ನ, ನಮ್ಮ ಗಡಿಭಾಗದ ಕಾಲೇಜುಗಳಲ್ಲಿ ಜಿಮಖಾನಾ ಕಮಿಟಿಯ ಸಭೆ ಸೇರುತ್ತದೆ. ಪ್ರಾಚಾರ್ಯರ ಕೋಣೆ, ಅರ್ಧ ಕಪ್ ಚಹಾ, ಐದಾರು ಮಂದಿ ಪ್ರಾಧ್ಯಾಪಕರು. ಫಿಜಿಕಲ್ ಡೈರೆಕ್ಟರ ಕೈಯಲ್ಲಿ ಉದ್ದನೆಯ ಒಂದು ಪಟ್ಟಿ. ಕ್ರಿಕೆಟ್ ಕಿಟ್, ವಾಲಿಬಾಲ್ ನೆಟ್, ಖೋಖೋ ಕಂಬ, ಓಟಗಾರರ ಸ್ಪೈಕ್ಸ್, ಕುಸ್ತಿ ಮ್ಯಾಟು. ಪಟ್ಟಿಯ ಮೊತ್ತ ಇದ್ದ ಹಣದ ಮೂರು ಪಟ್ಟು. ಹೋದ ವರ್ಷದ ಕಾಗದ ತೆಗೆದು, ಎಲ್ಲ ಬಾಬಿಗೂ ನೂರಕ್ಕೆ ಹತ್ತು ಏರಿಸಿ ಅಥವಾ ಇಳಿಸಿ, ಅರ್ಧ ತಾಸಿನಲ್ಲಿ ಸಹಿ ಹಾಕಿ ಎಲ್ಲರೂ ಎದ್ದುಬಿಡುತ್ತಾರೆ. ಇಂಥ ಸಭೆಗಳಲ್ಲಿ ನಾನೂ ವರ್ಷಗಟ್ಟಲೆ ಕೂತಿದ್ದೇನೆ, ಸಹಿ ಹಾಕಿದ್ದೇನೆ. ಆ ಅರ್ಧ ತಾಸು ಒಂದು ಇಡೀ ದಿನವಾಗಬೇಕು, ಆ ದಿನವನ್ನು ಹೀಗೆ ಬಳಸಬೇಕು ಎಂದು ಹೇಳುವುದಕ್ಕೆ ಈ ಲೇಖನ.

ಉದಾಹರಣೆಗೆ ಮುರಗೂಡನ್ನೇ ಇಟ್ಟುಕೊಳ್ಳೋಣ. ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲ್ಲೂಕಿನ, ವೇದಗಂಗೆಯ ದಂಡೆಯ ಸಣ್ಣ ಪಟ್ಟಣ ಅದು. ನಿಪ್ಪಾಣಿ ಅಲ್ಲಿಂದ ದೂರವಿಲ್ಲ. ಊರಿನ ಸದಾಶಿವರಾವ್ ಮಂಡಲಿಕ ಮಹಾವಿದ್ಯಾಲಯವೂ ನಿಪ್ಪಾಣಿಗೆ ಅಂಟಿಕೊಂಡೇ ಇರುವ ಅರ್ಜುನನಗರದ ದೇವಚಂದ ಕಾಲೇಜೂ 1962ರಲ್ಲಿ ಸ್ಥಾಪನೆಯಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದೇ ನಿಪ್ಪಾಣಿಯೊಳಗಿನ ಬಾಗೇವಾಡಿ ಕಾಲೇಜು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಒಂದೇ ಓಣಿಯ ಅಣ್ಣ ಶಿವಾಜಿ ವಿಶ್ವವಿದ್ಯಾಲಯದ ಪರವಾಗಿ ಕಬಡ್ಡಿ ಆಡಿದರೆ ತಂಗಿ ಚನ್ನಮ್ಮನ ಪರವಾಗಿ ಆಡಬಹುದು. ಅರ್ಜಿ ನಮೂನೆ ಬೇರೆ, ಹಣದ ಕೊರತೆ ಮಾತ್ರ ಎರಡೂ ಕಡೆ ಒಂದೇ.

ಕರ್ನಾಟಕದೊಳಗೂ ಇದೇ ಪಾಡು. 2023ರಲ್ಲಿ ಬೀದರ, ಕೊಪ್ಪಳ, ಹಾವೇರಿ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. ಹಣ ಸಾಲದೆಂದು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯವರೆಗೂ ಹೋಯಿತು. ಸಂಬಳಕ್ಕೇ ತತ್ವಾರವಿರುವ ಕಡೆ ಮೊದಲು ಕತ್ತರಿ ಬೀಳುವುದು ಆಟದ ಬಾಬಿಗೆ. ಅದಕ್ಕಾಗಿಯೇ ಇದ್ದಷ್ಟನ್ನು ಹಂಚುವ ಕೆಲಸದಲ್ಲಿ ಇನ್ನಷ್ಟು ಎಚ್ಚರ ಬೇಕು.

ಮೊದಲು ಕಪಾಟು ತೆರೆಯಿರಿ

ಹೊಸ ಪಟ್ಟಿಯನ್ನು ಕೆಳಗಿಟ್ಟು, ಡೆಡ್ ಸ್ಟಾಕ್ ರಜಿಸ್ಟರ್ ಕೈಯಲ್ಲಿ ಹಿಡಿದು ಕಮಿಟಿಯವರೆಲ್ಲ ಕ್ರೀಡಾ ಕೋಣೆಗೆ ಹೋಗಿ. ಒಮ್ಮೆ ಒಂದು ಕಾಲೇಜಿನಲ್ಲಿ ನಾವು ಹಾಗೆ ಹೋದೆವು. ಕಪಾಟಿನ ಮೇಲೆ ನಾಲ್ಕು ಜಾವೆಲಿನ್, ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು. ಇಲಿ ಕಡಿದ ಬ್ಯಾಟಿಂಗ್ ಪ್ಯಾಡುಗಳು. ಒಂದು ಮೂಲೆಯಲ್ಲಿ ವ್ಯಾಯಾಮದ ಯಂತ್ರ, ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ. ಹೊರಗೆ ಮೈದಾನದಲ್ಲಿ ಖೋಖೋ ಆಡುವ ಹುಡುಗಿಯರು ಕಂಬದ ಬದಲು ಬಿದಿರು ಹುಗಿದುಕೊಂಡಿದ್ದರು, ತಿರುಗುವಾಗ ಅಂಗೈಗೆ ಸಿಬಿರು ಚುಚ್ಚುತ್ತಿತ್ತು. ರಜಿಸ್ಟರಿನ ಕೊನೆಯ ಅಂಕಣದಲ್ಲಿ ಎಲ್ಲವೂ ಶಿಲ್ಕು ಎಂದು ನೀಟಾಗಿ ಬರೆದಿತ್ತು. ಯಾರೂ ಕದ್ದಿರಲಿಲ್ಲ, ಲೆಕ್ಕ ತಪ್ಪಿರಲಿಲ್ಲ. ಮಾರ್ಚ್ ಕೊನೆಯೊಳಗೆ ಹಣ ಮುಗಿಸಬೇಕೆಂದು ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದಿದ್ದರು, ಅಷ್ಟೇ.

ಇದ್ದದ್ದನ್ನು ಮೂರು ಗುಂಪು ಮಾಡಿ: ಬಳಕೆಯಲ್ಲಿರುವುದು, ರಿಪೇರಿ ಮಾಡಿದರೆ ಬಳಕೆಗೆ ಬರುವುದು, ನಮ್ಮಲ್ಲಿ ಆಡುವವರೇ ಇಲ್ಲದ್ದು. ಮೂರನೆಯದನ್ನು ಪಕ್ಕದ ಕಾಲೇಜಿಗೋ ಹೈಸ್ಕೂಲಿಗೋ ಬರಹದ ಮೂಲಕ ಎರವಲು ಕೊಟ್ಟು, ಅವರಲ್ಲಿ ಬಿದ್ದಿರುವುದನ್ನು ನೀವು ತನ್ನಿ. ಹೊಸ ಖರೀದಿಯ ಪಟ್ಟಿ ಬರೆಯುವುದು ಇದಾದ ಮೇಲೆ. ನಾನು ಕಂಡಂತೆ ಆ ಪಟ್ಟಿ ಆಗ ಅರ್ಧಕ್ಕಿಳಿದಿರುತ್ತದೆ.

ತಲೆ ಎಣಿಸಿ, ದಿನ ಎಣಿಸಿ

ನಮ್ಮ ಕಾಲೇಜಿನಲ್ಲಿ ಹದಿನಾರು ಆಟಗಳಿವೆ ಎಂದು ವಾರ್ಷಿಕ ವರದಿಯಲ್ಲಿ ಬರೆಯುವುದು ಎಲ್ಲರಿಗೂ ಇಷ್ಟ. ಆದರೆ ಹಣ ಹಂಚಬೇಕಾದದ್ದು ಆಟದ ಹೆಸರಿಗಲ್ಲ, ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬರುವ ಮಕ್ಕಳಿಗೆ. ಹೋದ ವರ್ಷದ ಹಾಜರಿ ತೆಗೆದು ನೋಡಿ. ಹಾಜರಿಯೇ ಇಲ್ಲವೆಂದಾದರೆ ಈ ವರ್ಷದಿಂದ ಇಡಿ, ನೂರು ಪುಟದ ಒಂದು ನೋಟುಬುಕ್ಕು ಸಾಕು. ಪ್ರತಿ ಆಟಕ್ಕೆ ಎಷ್ಟು ಮಂದಿ, ಎಷ್ಟು ದಿನ ಬಂದರು ಎಂಬುದನ್ನು ಗುಣಿಸಿ.

ಒಂದು ಲೆಕ್ಕ ಹಾಕೋಣ. ಕ್ರಿಕೆಟ್ಟಿಗೆ 40,000 ರೂಪಾಯಿ ಕೊಟ್ಟಿರಿ ಎಂದಿಟ್ಟುಕೊಳ್ಳಿ. ಹದಿನಾರು ಹುಡುಗರು, ಪಂದ್ಯಾವಳಿಯ ಮುಂಚಿನ ಮೂವತ್ತು ದಿನ ಆಡಿದರು. ಒಟ್ಟು 480 ಆಟದ ದಿನಗಳು, ಒಬ್ಬನಿಗೆ ಒಂದು ದಿನಕ್ಕೆ ಬಿದ್ದ ಖರ್ಚು 83 ರೂಪಾಯಿ. ಖೋಖೋಕ್ಕೆ ಕೊಟ್ಟದ್ದು 6,000. ಇಪ್ಪತ್ನಾಲ್ಕು ಮಕ್ಕಳು 120 ದಿನ ಆಡಿದರು. ಅದು 2,880 ದಿನ, ತಲೆಗೆ ದಿನಕ್ಕೆ ಎರಡು ರೂಪಾಯಿಯ ಲೆಕ್ಕ. ಕ್ರಿಕೆಟ್ ನಿಲ್ಲಿಸಿ ಎನ್ನುವುದು ಇದರ ಅರ್ಥವಲ್ಲ. ಆದರೆ ಖೋಖೋದವರು ಎರಡು ಕಬ್ಬಿಣದ ಕಂಬ ಕೇಳಿದಾಗ ಹಣವಿಲ್ಲ ಎಂದು ಹೇಳುವ ಬಾಯಿ ಈ ಲೆಕ್ಕ ನೋಡಿದ ಮೇಲೆ ಕಟ್ಟಿಹೋಗಬೇಕು.

ಖೋಖೋ ಬಡವರ ಆಟ, ಅದಕ್ಕೇನು ಭವಿಷ್ಯ ಎನ್ನುವವರಿಗೆ ಒಂದು ಮಾತು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಆ ಆಟದ ಮೊದಲ ವಿಶ್ವಕಪ್ ನಡೆಯಿತು. ಪುರುಷರ ಮತ್ತು ಮಹಿಳೆಯರ ಎರಡೂ ಕಪ್ ಭಾರತದ ಪಾಲಾದವು. ಇಚಲಕರಂಜಿಯಂಥ ನೇಕಾರರ ಊರಿನಲ್ಲಿ ಖೋಖೋ, ಕಬಡ್ಡಿ ಬೆಳೆದದ್ದು ತಲೆಮಾರುಗಳಿಂದ ಸಂಜೆ ಸಂಜೆ ಸೇರುತ್ತ ಬಂದ ಮಂಡಳಗಳಿಂದ, ದುಬಾರಿ ಸಾಮಾನುಗಳಿಂದಲ್ಲ.

ಹುಡುಗಿಯರ ಪಾಲು ಮೊದಲೇ ಬರೆಯಿರಿ

ಉಳಿದರೆ ಹುಡುಗಿಯರಿಗೆ ಎಂಬ ಕ್ರಮ ತಪ್ಪು, ಏಕೆಂದರೆ ಉಳಿಯುವುದಿಲ್ಲ. ಪ್ರವೇಶ ಪಡೆದವರಲ್ಲಿ ನೂರಕ್ಕೆ 45 ಹುಡುಗಿಯರಿದ್ದರೆ ಜಿಮಖಾನಾ ಫೀಯಲ್ಲಿ ನೂರಕ್ಕೆ 45 ಅವರ ಮನೆಯಿಂದಲೇ ಬಂದದ್ದು. ಅಷ್ಟು ಪಾಲನ್ನು ಯಾವ ಆಟಕ್ಕೆ ಎಷ್ಟು ಎಂದು ಮಾತು ಶುರುವಾಗುವ ಮುಂಚೆಯೇ ಬೋರ್ಡಿನ ಮೇಲೆ ಬರೆದುಬಿಡಿ. ಅಮೆರಿಕದಲ್ಲಿ 1972ರಲ್ಲಿ ಬಂದ ಟೈಟಲ್ ನೈನ್ ಕಾನೂನಿನಡಿ ಸರಕಾರದ ಹಣ ಪಡೆಯುವ ಕಾಲೇಜುಗಳು ಆಟದಲ್ಲೂ ಹೆಣ್ಣು ಗಂಡೆಂದು ಭೇದ ಮಾಡುವಂತಿಲ್ಲ. ಪಾಲು ಸರಿ ಇದೆಯೇ ಎಂದು ಅಳೆಯುವ ಒಂದು ದಾರಿ ಅಲ್ಲಿಯೂ ಇದೇ: ಪ್ರವೇಶ ಪಡೆದವರಲ್ಲಿ ಹುಡುಗಿಯರೆಷ್ಟು, ಆಡುವವರಲ್ಲಿ ಎಷ್ಟು. ನಮಗೆ ಅಂಥ ಕಾನೂನು ಬರುವವರೆಗೆ ಕಾಯುವ ಅಗತ್ಯವಿಲ್ಲ. ಕಮಿಟಿಯ ಒಂದು ಠರಾವು ಸಾಕು.

ಹುಡುಗಿಯರು ಆಡುವುದಕ್ಕೇ ಬರುವುದಿಲ್ಲ ಎಂಬ ಉತ್ತರ ಬಂದರೆ ಮುರಗೂಡಿನ ಕಡೆ ಕೈ ತೋರಿಸಿ. ಮಾಜಿ ಸಂಸದ ದಿವಂಗತ ಸದಾಶಿವರಾವ್ ಮಂಡಲಿಕರ ಹೆಸರಿನ ಅಲ್ಲಿನ ಕುಸ್ತಿ ಸಂಕುಲದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಮ್ಯಾಟಿನ ಮೇಲೆ ಪಟ್ಟು ಕಲಿಯುತ್ತಾರೆ. ಅಲ್ಲಿಂದ ಹೊರಟವರು ರಾಷ್ಟ್ರಮಟ್ಟ ದಾಟಿ ಹೊರದೇಶದ ಕಣಗಳಲ್ಲೂ ಕುಸ್ತಿ ಹಿಡಿದಿದ್ದಾರೆ. ಗಂಡಸರ ಆಟವೆಂದೇ ಹೆಸರಾದ ಕುಸ್ತಿಗೆ ಒಂದು ತಾಲ್ಲೂಕಿನ ಊರಿನಲ್ಲಿ ಇಷ್ಟು ಹುಡುಗಿಯರು ಬಂದಿದ್ದಾರೆ. ಬಾರದಿದ್ದ ಕಡೆ ಕಾರಣ ಹುಡುಕಿ. ಬಟ್ಟೆ ಬದಲಿಸುವ ಕೋಣೆಗೆ ಚಿಲಕವಿದೆಯೇ? ಶೌಚಾಲಯಕ್ಕೆ ನೀರು ಬರುತ್ತದೆಯೇ? ಅಭ್ಯಾಸ ಮುಗಿಯುವ ಹೊತ್ತಿಗೆ ಊರಿನ ಕೊನೆಯ ಬಸ್ಸು ಹೋಗಿರುತ್ತದೆಯೇ? ಈ ಮೂರರ ಖರ್ಚು ಒಂದು ಕ್ರಿಕೆಟ್ ಕಿಟ್ಟಿಗಿಂತ ಕಡಿಮೆ.

ಸಾಮಾನಿಗಿಂತ ಮೊದಲು ಬಸ್ಸು, ಊಟ

ಈ ಭಾಗವನ್ನು ಕೊಂಚ ನಿಧಾನಕ್ಕೆ ಓದಿ ಎಂದು ಕೇಳಿಕೊಳ್ಳುತ್ತೇನೆ. ನಾವು ಅತಿ ಹೆಚ್ಚು ಆಟಗಾರರನ್ನು ಕಳೆದುಕೊಳ್ಳುವುದು ಇಲ್ಲಿಯೇ.

ಒಮ್ಮೆ ವಲಯ ಮಟ್ಟದ ಪಂದ್ಯಕ್ಕೆ ಹೊರಡುವ ಹಿಂದಿನ ದಿನ ತಂಡದ ಅತಿ ಚುರುಕಿನ ಹುಡುಗಿ ಬಂದು ಬಾಗಿಲಲ್ಲಿ ನಿಂತಳು.

“ಸರ, ನಾ ಬರಾಂಗಿಲ್ರೀ.”

“ಯಾಕವಾ, ಏನಾತು?”

“ಮನ್ಯಾಗ ರೊಕ್ಕ ಕೇಳಾಕ ಆಗವಲ್ದರೀ. ಹ್ವಾದ ಸಲದ ಬಸ್ಸಿನ ರೊಕ್ಕಾನ ಇನ್ನೂ ಬಂದಿಲ್ಲರಿ.”

ಆ ಹಣ ಮಂಜೂರಾಗಿತ್ತು. ವೋಚರಿಗೆ ಒಂದು ಸಹಿ ಬಾಕಿಯಿತ್ತೆಂದು ಮೂರು ತಿಂಗಳಿಂದ ಆಫೀಸಿನಲ್ಲಿ ಕೂತಿತ್ತು. ಅವ್ವ ಬೀಡಿ ಕಟ್ಟಿ ಕೂಡಿಟ್ಟದ್ದರಲ್ಲಿ ಕೊಟ್ಟ ಹಣ ಅದು. ಮತ್ತೊಮ್ಮೆ ಕೇಳಲು ಆ ಮಗುವಿಗೆ ಬಾಯಿ ಬರಲಿಲ್ಲ. ಅಂದು ಯಾರೋ ಒಬ್ಬರು ಕಿಸೆಯಿಂದ ಕೊಟ್ಟರು, ಅವಳನ್ನು ಕರೆದೊಯ್ದೆವು. ಆದರೆ ಬಾಗಿಲವರೆಗೆ ಬಂದು ಹೇಳದೆಯೇ ಮನೆಯಲ್ಲಿ ಉಳಿದವರು ಎಷ್ಟು ಮಂದಿ ಎಂಬುದು ಯಾವ ರಜಿಸ್ಟರಿನಲ್ಲೂ ಇರುವುದಿಲ್ಲ.

ಆದ್ದರಿಂದ ನಿಯಮ ಹೀಗಿರಲಿ: ಪ್ರಯಾಣದ ಹಣ ಮುಂಗಡವಾಗಿಯೇ ತಂಡದ ಮ್ಯಾನೇಜರ್ ಕೈಗೆ ಬರಬೇಕು. ಮಕ್ಕಳು ತಾವೇ ಹಾಕಿ ಆಮೇಲೆ ಪಡೆಯುವ ಪದ್ಧತಿ ಪೂರ್ತಿ ನಿಲ್ಲಬೇಕು. ಮರಳಿ ಬಂದ ಏಳು ದಿನದೊಳಗೆ ಟಿಕೆಟ್, ಬಿಲ್ಲು ಒಪ್ಪಿಸುವ ಹೊಣೆ ಮ್ಯಾನೇಜರರದು.

ಎಷ್ಟು ಬೇಕಾದೀತು ಎಂದು ಅಂದಾಜಿಸುವುದೂ ಕಷ್ಟವಲ್ಲ. ಹನ್ನೆರಡು ಆಟಗಾರರ ಕಬಡ್ಡಿ ತಂಡ, ಜೊತೆಗೆ ಕೋಚ್, ಮ್ಯಾನೇಜರ್, ಒಟ್ಟು ಹದಿನಾಲ್ಕು ಮಂದಿ. ಒಂದು ಬದಿಯ ಬಸ್ ಚಾರ್ಜು 80 ರೂಪಾಯಿ ಎಂದು ಹಿಡಿದರೆ ಹೋಗಿ ಬರಲು 2,240. ಊಟ, ಉಪಾಹಾರಕ್ಕೆ ತಲೆಗೆ ದಿನಕ್ಕೆ 250ರಂತೆ 3,500. ಒಂದು ದಿನದ ಪಂದ್ಯಕ್ಕೆ 5,740. ತಂಡ ಗೆದ್ದು ಮರುದಿನವೂ ಉಳಿದರೆ ಊಟಕ್ಕೇ ಇನ್ನೂ 3,500. ಅನೇಕ ಕಾಲೇಜುಗಳು ಸೋತು ಬರುವ ಲೆಕ್ಕದಲ್ಲಿಯೇ ಹಣ ಕೊಟ್ಟಿರುತ್ತವೆ. ಗೆದ್ದ ದಿನ ಸಂಜೆ ಮಕ್ಕಳು ವಡಾಪಾವ್ ತಿಂದು ಮಲಗಿ ಮರುದಿನ ಸೆಮಿಫೈನಲ್ ಆಡುತ್ತಾರೆ. ಅಂದಾಜು ಮಾಡುವಾಗ ಗೆಲ್ಲುತ್ತೇವೆ ಎಂದೇ ಅಂದಾಜು ಮಾಡಿ.

ಹುಡುಗಿಯರ ತಂಡದ ಲೆಕ್ಕ ಬೇರೆ ಮಾಡಿ. ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ಟಿಕೆಟ್. ಕರ್ನಾಟಕದೊಳಗೆ ಅದೇ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸು ಪೂರ್ತಿ ಉಚಿತ. ಮೇಲಿನ ಅದೇ ಪ್ರಯಾಣಕ್ಕೆ ಹನ್ನೆರಡು ಹುಡುಗಿಯರು, ಮಹಿಳಾ ಮ್ಯಾನೇಜರ್, ಒಬ್ಬ ಗಂಡು ಕೋಚ್ ಎಂದರೆ ಎಸ್‌ಟಿಯಲ್ಲಿ 1,200 ರೂಪಾಯಿಗೆ ಮುಗಿಯಿತು. ಉಳಿದ 1,040 ರೂಪಾಯಿಯನ್ನು ಹುಡುಗರ ಬಾಬಿಗೆ ತಿರುಗಿಸದೆ ಅದೇ ಹುಡುಗಿಯರ ತಟ್ಟೆಗೆ ಹಾಕಿ: ಹಾಲು, ಬಾಳೆಹಣ್ಣು, ಮೊಟ್ಟೆ, ಶೇಂಗಾ ಚಿಕ್ಕಿ. ನಮ್ಮ ಹಳ್ಳಿಗಳಿಂದ ಬರುವ ಎಷ್ಟೋ ಹುಡುಗಿಯರು ಬೆಳಿಗ್ಗೆ ಬರೀ ಚಹಾ ಕುಡಿದು ಮೈದಾನಕ್ಕೆ ಇಳಿಯುತ್ತಾರೆ. ನಾಲ್ಕು ಸುತ್ತು ಓಡಿದ ಮೇಲೆ ಕಣ್ಣು ಕತ್ತಲೆ ಬಂದು ಕೂತವಳಿಗೆ ಹೊಸ ಜರ್ಸಿಯಿಂದ ಏನೂ ಆಗದು.

ಆಟಗಾರ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ಮೇಲೆ ಅಂತರ ವಿಶ್ವವಿದ್ಯಾಲಯ ಪಂದ್ಯಗಳ ಖರ್ಚು ಸಾಮಾನ್ಯವಾಗಿ ವಿಶ್ವವಿದ್ಯಾಲಯದ್ದೇ. ಕಾಲೇಜಿನ ಹೊರೆ ಆಯ್ಕೆಯವರೆಗಿನ ದಾರಿ. ಆ ದಾರಿಗೇ ಹೆಚ್ಚು ಹಣ ಇಡಿ.

ನಿಮ್ಮ ಊರಿನ ಆಟ ಯಾವುದು?

ಎಲ್ಲ ಆಟಕ್ಕೂ ಸಮಪಾಲು ಎಂಬುದು ಕೇಳಲು ನ್ಯಾಯವೆನಿಸುತ್ತದೆ. ಎರಡು ಲಕ್ಷವನ್ನು ಹದಿನಾರು ಪಾಲು ಮಾಡಿದರೆ ಒಂದೊಂದಕ್ಕೆ 12,500. ಅಷ್ಟರಲ್ಲಿ ಯಾವ ಆಟವೂ ಬೆಳೆಯುವುದಿಲ್ಲ. ಗೆದ್ದ ತಂಡಕ್ಕೇ ಹೆಚ್ಚು ಎಂಬುದು ಇನ್ನೊಂದು ವಾದ. ಅದರಲ್ಲಿ ಹೋದ ವರ್ಷದ ಗೆಲುವಿಗೆ ಈ ವರ್ಷವೂ ಬಹುಮಾನ ಸಿಗುತ್ತದೆ, ಹೊಸದಾಗಿ ಚಿಗುರುವುದಕ್ಕೆ ನೀರಿಲ್ಲ. ನನ್ನ ಅನುಭವದಲ್ಲಿ ಸಣ್ಣ ಸಂಸ್ಥೆಗೆ ಒಗ್ಗುವುದು ಮೂರನೆಯ ದಾರಿ: ಎಲ್ಲರಿಗೂ ಮೈದಾನ, ಒಂದೇ ಒಂದು ಆಟಕ್ಕೆ ಆಳವಾದ ಬೆಂಬಲ.

ಆ ಒಂದು ಆಟವನ್ನು ಊರೇ ಆರಿಸಿಟ್ಟಿರುತ್ತದೆ. ಗಡಹಿಂಗ್ಲಜದಲ್ಲಿ ಅದು ಫುಟ್‌ಬಾಲ್. ಸಂಕೇಶ್ವರದ ಕಡೆಯಿಂದ ಹೋದವರಿಗೂ ಅಲ್ಲಿನ ಪಂದ್ಯದ ದಿನದ ಜನ ಕಂಡರೆ ಬೆರಗು. ಇಚಲಕರಂಜಿಯಲ್ಲಿ ಕಬಡ್ಡಿ, ಖೋಖೋ. ಕೊಡಗಿನ ಹೊಸ ವಿಶ್ವವಿದ್ಯಾಲಯಕ್ಕೆ ಹಾಕಿ ಬಿಟ್ಟು ಬೇರೆ ಹುಡುಕುವ ಅಗತ್ಯವೇನು? 1997ರಿಂದ ಕೊಡವ ಕುಟುಂಬಗಳು ಮನೆತನದ ಹೆಸರಿನಲ್ಲಿ ತಂಡ ಕಟ್ಟಿ ಆಡುತ್ತಿರುವ ನಾಡು ಅದು. ಬಾಗಲಕೋಟೆಗೆ ಸೈಕ್ಲಿಂಗ್ ಇದೆ. ಆ ಸೀಮೆಯ ರೈತರ ಮಕ್ಕಳು ದೇಶದ ಟ್ರ್ಯಾಕುಗಳಲ್ಲಿ ಹೆಸರು ಮಾಡಿದ್ದಾರೆ. ಊರಿನ ಆಟ ಹಿಡಿದರೆ ಕೋಚ್ ಊರಲ್ಲೇ ಸಿಗುತ್ತಾರೆ, ಹಳೆಯ ಆಟಗಾರರು ಸಂಜೆ ತಾವಾಗಿ ಬಂದು ತಿದ್ದುತ್ತಾರೆ, ಮನೆಯವರು ಬೇಡವೆನ್ನುವುದಿಲ್ಲ. ಇವೆಲ್ಲ ಹಣವಿಲ್ಲದೆ ಬರುವ ಬೆಂಬಲ.

ಮುರಗೂಡಿನಲ್ಲಿ ಆ ಆಟ ಕುಸ್ತಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಶಾಹು ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದ ಜಿಲ್ಲೆ ಇದು. ಜಾತ್ರೆಯೆಂದರೆ ಕುಸ್ತಿ ಇರಲೇಬೇಕು. ಆದರೆ ಕುಸ್ತಿಗೆಂದು ಕಾಲೇಜು ಹಣ ಇಡುವಾಗ ಒಂದು ತಪ್ಪು ಸಾಮಾನ್ಯ. ಮೊದಲು ಮ್ಯಾಟು ಕೊಳ್ಳಲು ಹೊರಡುತ್ತಾರೆ. ಸ್ಪರ್ಧೆಯ ಮ್ಯಾಟು 12 ಮೀಟರ್ ಉದ್ದ, 12 ಮೀಟರ್ ಅಗಲ, ನಡುವೆ 9 ಮೀಟರ್ ವ್ಯಾಸದ ವೃತ್ತ. ಬೆಲೆ ಲಕ್ಷಗಟ್ಟಲೆ. ಅದನ್ನು ಹಾಸುವಷ್ಟು ದೊಡ್ಡ ಸೂರು ಬೇಕು, ದಿನವೂ ಔಷಧ ಹಾಕಿ ಒರೆಸಬೇಕು, ಇಲ್ಲದಿದ್ದರೆ ಒಬ್ಬರ ಮೈಯ ಗಜಕರ್ಣ ಎಲ್ಲರಿಗೂ ಹಬ್ಬುತ್ತದೆ. ಗರಡಿಯ ಕೆಂಪು ಮಣ್ಣಿನಲ್ಲಿ ಬೆಳೆದ ಪೈಲ್ವಾನನಿಗೆ ಬೇಕಾದದ್ದು ಮ್ಯಾಟಿನ ಮೇಲಿನ ಅಭ್ಯಾಸ. ಆ ಮ್ಯಾಟು ಯಾರದಾದರೂ ಆದೀತು. ಮಣ್ಣಿನಲ್ಲಿ ಕಾಲು ಹೂತು ನಿಂತು ಎದುರಾಳಿಯನ್ನು ಚಿತ್ ಮಾಡುವವನು ಮ್ಯಾಟಿಗೆ ಬಂದರೆ ಬೂಟು ಹಾಕಿ ಪಾಯಿಂಟಿನ ಲೆಕ್ಕದಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು ಆಡಬೇಕು. ಮೊದಲ ಸಲ ಉಸಿರು ಕಟ್ಟುತ್ತದೆ. ವಾರಕ್ಕೆ ಮೂರು ದಿನ, ಎರಡೆರಡು ತಾಸು ಮ್ಯಾಟು ಸಿಕ್ಕರೆ ಆರು ತಿಂಗಳಲ್ಲಿ ಹೊಂದಿಕೊಳ್ಳುತ್ತಾನೆ. ಆದ್ದರಿಂದ ಊರಿನಲ್ಲಿ ಈಗಾಗಲೇ ಇರುವ ತಾಲೀಮಿನೊಡನೆ, ಸಂಕುಲದೊಡನೆ ಬರಹದ ಕರಾರು ಮಾಡಿಕೊಳ್ಳಿ: ಇಷ್ಟು ತಾಸು ನಿಮ್ಮ ಮ್ಯಾಟು ನಮಗೆ, ತಿಂಗಳಿಗೆ ಇಷ್ಟು ಹಣ ನಿಮಗೆ, ಓಟಕ್ಕೆ ನಮ್ಮ ಮೈದಾನ ನಿಮಗೆ.

ಮ್ಯಾಟು ಕೊಳ್ಳದೆ ಉಳಿದ ಹಣ ಖುರಾಕಿಗೆ ಹೋಗಲಿ. ಕುಸ್ತಿಯ ಖರ್ಚೆಲ್ಲ ಹೊಟ್ಟೆಯಲ್ಲಿದೆ ಎಂಬುದು ಪೈಲ್ವಾನನ ಮನೆಯವರಿಗೆ ಗೊತ್ತು. ಹಾಲು, ತುಪ್ಪ, ಬದಾಮಿ, ಒಂದು ತಿಂಗಳು ನಿಂತರೂ ಮೈ ಇಳಿಯುತ್ತದೆ.

ದುಬಾರಿ ಆಟದ ಒಬ್ಬನೇ ಒಬ್ಬ ಪ್ರತಿಭಾವಂತ ನಿಮ್ಮಲ್ಲಿದ್ದರೆ? ರಾಧಾನಗರಿ ತಾಲ್ಲೂಕಿನ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ತಂದ ಮೇಲೆ ಈ ಭಾಗದಲ್ಲಿ ರೈಫಲ್ ಹಿಡಿಯುವ ಆಸೆ ಬಲವಾಗಿದೆ. ಶೂಟಿಂಗ್ ರೇಂಜ್ ಕಟ್ಟುವುದು ಸಣ್ಣ ಕಾಲೇಜಿನ ಕೆಲಸವಲ್ಲ. ಆ ವಿದ್ಯಾರ್ಥಿಗೆ ಹಾಜರಾತಿಯ ರಿಯಾಯಿತಿ, ಪರೀಕ್ಷೆ ತಪ್ಪಿದಾಗ ವಿಶ್ವವಿದ್ಯಾಲಯಕ್ಕೆ ಬೇಗ ಪತ್ರ, ಸ್ಪರ್ಧೆಯ ಪ್ರವೇಶ ಶುಲ್ಕ, ಇಷ್ಟು ಕೊಡಿ. ಇದರಲ್ಲಿ ಬಹುಪಾಲಿಗೆ ಪೈಸೆಯೂ ಬೇಡ, ಆದರೆ ಆ ಹುಡುಗನ ವರ್ಷ ಉಳಿಯುತ್ತದೆ.

ಅಂಕಿ ಬರೆದು ನೋಡೋಣ

ಒಂದು ಸಾವಿರ ವಿದ್ಯಾರ್ಥಿಗಳ ಕಾಲೇಜು, ಅವರಲ್ಲಿ 450 ಹುಡುಗಿಯರು ಎಂದು ಹಿಡಿಯೋಣ. ಜಿಮಖಾನಾ ಫೀ ತಲೆಗೆ 200 ರೂಪಾಯಿ, ಒಟ್ಟು ಎರಡು ಲಕ್ಷ. ಸಂಸ್ಥೆ 50,000 ಕೊಟ್ಟಿತು, ಹಳೆಯ ವಿದ್ಯಾರ್ಥಿಗಳಿಂದ 30,000 ಬಂತು. ಕೈಯಲ್ಲಿರುವುದು 2,80,000.

ಮೊದಲು 56,000 ಎಲ್ಲರ ಮೈದಾನಕ್ಕೆ. ಮಳೆಗಾಲದ ನಂತರ ರೋಲರ್ ಹೊಡೆಸುವುದು, ಗೆರೆ ಎಳೆಯುವ ಸುಣ್ಣ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎರಡು ದೀಪ, ಹುಡುಗಿಯರ ಕೋಣೆಯ ರಿಪೇರಿ. ಯಾವ ತಂಡಕ್ಕೂ ಸೇರದೆ ಸಂಜೆ ಸುಮ್ಮನೆ ಓಡಲು ಬರುವ ವಿದ್ಯಾರ್ಥಿಯೂ ಫೀ ಕಟ್ಟಿದ್ದಾನೆ, ಅವನ ಪಾಲು ಇದರಲ್ಲಿದೆ.

ಆಮೇಲೆ 98,000 ಪ್ರಯಾಣಕ್ಕೆ, ಊಟಕ್ಕೆ. ಇಷ್ಟೇ ಏಕೆ ಎಂದು ಮೇಲೆ ಹೇಳಿದ್ದೇನೆ. ಇದರಲ್ಲಿ 44,100 ಹುಡುಗಿಯರ ತಂಡಗಳದು ಎಂದು ಪ್ರತ್ಯೇಕ ಕಾಣಿಸಿ.

ಊರಿನ ಆಟಕ್ಕೆ 56,000. ಐದು ಹುಡುಗರು, ಐದು ಹುಡುಗಿಯರನ್ನು ಆರಿಸಿ, ತಿಂಗಳಿಗೆ 500ರಂತೆ ಎಂಟು ತಿಂಗಳು ಖುರಾಕಿಗೆ ಕೊಟ್ಟರೆ 40,000. ಮ್ಯಾಟಿನ ಕರಾರಿಗೆ ತಿಂಗಳಿಗೆ ಸಾವಿರದಂತೆ 8,000. ಉಳಿದ 8,000 ಬೂಟು, ಪೋಷಾಕು, ಮೊಣಕಾಲಿನ ಪಟ್ಟಿಗೆ. ಐನೂರು ರೂಪಾಯಿಯಲ್ಲಿ ಪೈಲ್ವಾನನ ಹೊಟ್ಟೆ ತುಂಬದು ನಿಜ. ಆದರೆ ದಿನಕ್ಕೆ ಒಂದು ಲೋಟ ಹಾಲಿನ ವ್ಯವಸ್ಥೆ ಪಕ್ಕಾ ಆಗುತ್ತದೆ, ಕಾಲೇಜು ನನ್ನನ್ನು ಎಣಿಸಿದೆ ಎಂಬ ಧೈರ್ಯ ಬರುತ್ತದೆ. ಅವರಲ್ಲಿ ಯಾರಾದರೂ ಖೇಲೋ ಇಂಡಿಯಾಕ್ಕೆ ಆಯ್ಕೆಯಾದರೆ ತಿಂಗಳಿಗೆ 10,000 ಕೈಖರ್ಚು ಅಲ್ಲಿಂದಲೇ ಬರುತ್ತದೆ. ಆಗ ನಿಮ್ಮ ಐನೂರು ರೂಪಾಯಿ ಹನ್ನೊಂದನೆಯ ಮಗುವಿಗೆ.

ಉಳಿದ ಆಟಗಳಿಗೆಲ್ಲ ಸೇರಿ 42,000. ಇದನ್ನು ಮೇಲೆ ಹೇಳಿದ ಆಟದ ದಿನಗಳ ಲೆಕ್ಕದಲ್ಲಿ ಹಂಚಿ. ಕಬಡ್ಡಿ, ಖೋಖೋ, ವಾಲಿಬಾಲ್, ಓಟಕ್ಕೆ ಸಾಕಾದೀತು. ಕ್ರಿಕೆಟ್ ತಂಡಕ್ಕೆ ಮೈದಾನ, ಚೆಂಡು, ಪ್ರವೇಶ ಶುಲ್ಕ ಕಾಲೇಜಿನದು. ದುಬಾರಿ ಬ್ಯಾಟು, ಹೆಲ್ಮೆಟ್ಟುಗಳಿಗೆ ಊರಿನ ಹಿತೈಷಿಗಳನ್ನು ಹುಡುಕಬೇಕು. ಕ್ರಿಕೆಟ್ಟಿಗೆ ದಾನಿಗಳು ಸಿಗುತ್ತಾರೆ, ಖೋಖೋಕ್ಕೆ ಸಿಗುವುದು ಕಷ್ಟ. ಈ ಮಾತಿಗೆ ಕ್ರಿಕೆಟ್ ಹುಡುಗರು ಮುನಿಸಿಕೊಂಡರೆ ಲೆಕ್ಕದ ಕಾಗದ ಮುಂದಿಟ್ಟು ಕೂತು ಮಾತಾಡಿ. ಅವರಿಗೂ ಅರ್ಥವಾಗುತ್ತದೆ.

ಕೊನೆಯ 28,000 ಮುಟ್ಟಬೇಡಿ.

ಆ ಇಪ್ಪತ್ತೆಂಟು ಸಾವಿರ ಯಾಕೆ?

ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಒಬ್ಬ ಪೈಲ್ವಾನನಿದ್ದ. ಸಾತಾರಾ ಜಿಲ್ಲೆಯ ಗೋಳೇಶ್ವರದವನು, ಖಾಶಾಬಾ ಜಾಧವ. 1948ರ ಲಂಡನ್ ಒಲಿಂಪಿಕ್ಸ್‌ಗೆ ಕೊಲ್ಹಾಪುರದ ಮಹಾರಾಜರು ಖರ್ಚು ಕೊಟ್ಟರು, ಆತ ಆರನೆಯವನಾಗಿ ಬಂದ. 1952ರ ಹೆಲ್ಸಿಂಕಿಗೆ ಹೊರಡುವ ಹೊತ್ತಿಗೆ ಸಂಸ್ಥಾನವೂ ಇರಲಿಲ್ಲ, ಹಣವೂ ಇರಲಿಲ್ಲ. ಊರವರು ಕೈಲಾದಷ್ಟು ಕೂಡಿಸಿದರು. ಕಾಲೇಜಿನ ಪ್ರಾಚಾರ್ಯರಾಗಿದ್ದ ಖರ್ಡೇಕರರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು. ಖಾಶಾಬಾ ಕಂಚಿನ ಪದಕದೊಡನೆ ಮರಳಿದ. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ಗೆದ್ದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಊರು ಸೇರಿದ ಮೇಲೆ ಆತ ಕುಸ್ತಿ ಏರ್ಪಡಿಸಿ, ತಾನೂ ಅಖಾಡಕ್ಕಿಳಿದು ಗೆದ್ದು, ಬಂದ ಹಣದಿಂದ ಗುರುಗಳ ಮನೆ ಬಿಡಿಸಿಕೊಟ್ಟ.

ಈ ಕಥೆ ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಆದರೆ ಜಿಮಖಾನಾ ಕಮಿಟಿ ಕಲಿಯಬೇಕಾದದ್ದು ಬೇರೆ. ಪ್ರಾಚಾರ್ಯರ ಮನೆಯನ್ನು ನಂಬಿ ಆಟಗಾರನನ್ನು ಬೆಳೆಸಲಾಗದು. ವರ್ಷಕ್ಕೆ 28,000 ಎತ್ತಿಟ್ಟರೆ, ಯಾರೂ ಮುಟ್ಟದಿದ್ದರೆ, ಐದು ವರ್ಷಕ್ಕೆ 1,40,000. ನಡುವೆ ಯಾರದೋ ಮೊಣಕಾಲಿನ ಶಸ್ತ್ರಚಿಕಿತ್ಸೆ, ಅಚಾನಕ್ಕಾಗಿ ಬಂದ ರಾಷ್ಟ್ರೀಯ ಶಿಬಿರ, ಪಾಸ್‌ಪೋರ್ಟಿನ ಖರ್ಚು ಬರಬಹುದು. ಅದಕ್ಕೆ ಮಾತ್ರ ಇದನ್ನು ಬಳಸಬೇಕು. ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರಾಚಾರ್ಯರು ಮತ್ತು ಫಿಜಿಕಲ್ ಡೈರೆಕ್ಟರ ಜೋಡಿ ಸಹಿ, ವರ್ಷಾಂತ್ಯಕ್ಕೆ ಉಳಿದದ್ದು ಮುಂದಿನ ವರ್ಷಕ್ಕೆ ಎಂಬ ಠರಾವು, ಇಷ್ಟನ್ನು ಮೊದಲ ಸಭೆಯಲ್ಲೇ ಮಾಡಿಕೊಳ್ಳಿ. ಇಲ್ಲವಾದರೆ ಮಾರ್ಚ್ ಬಂದಾಗ ಮತ್ತೆ ನಾಲ್ಕು ಜಾವೆಲಿನ್ ಬರುತ್ತವೆ.

ಹೊರಗಿನ ಹಣ

2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಅಂಥ ಕೆಲಸಗಳ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಇದೆ. ಕಾಗಲದ ಕೈಗಾರಿಕಾ ವಸಾಹತು ಮುರಗೂಡಿನ ತಾಲ್ಲೂಕಿನಲ್ಲೇ ಇದೆ. ಸಕ್ಕರೆ ಕಾರ್ಖಾನೆಗಳು ಇಲ್ಲಿ ಹೆಚ್ಚಾಗಿ ಸಹಕಾರಿ ಸಂಘಗಳು, ಈ ಕಾನೂನು ಅವಕ್ಕೆ ಅನ್ವಯಿಸದು. ಆದರೂ ಕೇಳಲು ಅಡ್ಡಿಯಿಲ್ಲ. ಕಾಗಲದ ಛತ್ರಪತಿ ಶಾಹು ಕಾರ್ಖಾನೆ ಕುಸ್ತಿ ಸ್ಪರ್ಧೆ ನಡೆಸಿ ಗೆದ್ದವರಿಗೆ ಮಾನಧನ ಕೊಡುವ ಪದ್ಧತಿ ಇಟ್ಟುಕೊಂಡು ಬಂದಿದೆ. ಕೇಳಲು ಹೋಗುವಾಗ ಕ್ರೀಡೆಗೆ ಸಹಾಯ ಮಾಡಿ ಎಂಬ ಪತ್ರ ಬೇಡ. ಐದು ಹುಡುಗಿಯರು, ಎಂಟು ತಿಂಗಳ ಹಾಲು, ಇಷ್ಟು ರೂಪಾಯಿ ಎಂದು ಒಂದೇ ಪುಟದಲ್ಲಿ ಬರೆದು, ಹೋದ ವರ್ಷದ ಹಾಜರಿಯ ಪ್ರತಿ ಲಗತ್ತಿಸಿ. ವರ್ಷದ ಕೊನೆಗೆ ಖರ್ಚಿನ ಲೆಕ್ಕ, ಆ ಮಕ್ಕಳ ಫೋಟೊ ಹಿಡಿದು ಹೋಗಿ ಕೃತಜ್ಞತೆ ಹೇಳಿ. ಎರಡನೆಯ ವರ್ಷ ಅವರೇ ಕರೆಯುತ್ತಾರೆ.

ನೋಟಿಸ್ ಬೋರ್ಡಿಗೆ ಹಚ್ಚಿ

ಕಮಿಟಿಯಲ್ಲಿ ಇಬ್ಬರು ಆಟಗಾರರಿರಲಿ, ಒಬ್ಬಳು ಹುಡುಗಿ. ಐದು ಸಾವಿರ ದಾಟಿದ ಖರೀದಿಗೆ ಮೂರು ಅಂಗಡಿಯ ಕೊಟೇಶನ್ ತರಿಸುವ ರೂಢಿ ಮಾಡಿ, ಸಾಮಾನು ಬಂದ ದಿನ ಆ ಆಟದ ನಾಯಕನಿಂದಲೂ ರಜಿಸ್ಟರಿನಲ್ಲಿ ಸಹಿ ಮಾಡಿಸಿ. ಖರೀದಿಯೆಲ್ಲ ಆಗಸ್ಟ್‌ನೊಳಗೆ ಮುಗಿಯಲಿ, ಪಂದ್ಯಗಳು ಮುಗಿದ ಮೇಲೆ ಬಂದ ಜರ್ಸಿ ಯಾರಿಗೂ ಬೇಡ. ಹಂಚಿಕೆಯ ಕಾಗದವನ್ನು ಗುಟ್ಟಾಗಿ ಫೈಲಿನಲ್ಲಿ ಇಡದೆ ಕನ್ನಡ, ಮರಾಠಿ ಎರಡರಲ್ಲೂ ಬರೆದು ಬೋರ್ಡಿಗೆ ಹಚ್ಚಿ. ಆಟದ ಹೆಸರು, ಕೊಟ್ಟ ಹಣ, ಅದರ ಪಕ್ಕದಲ್ಲಿ ಒಂದು ಖಾಲಿ ಅಂಕಣ. ಆ ಅಂಕಣದಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ, ಹಿಂದಿನ ತಿಂಗಳು ಮೈದಾನಕ್ಕೆ ಎಷ್ಟು ಮಕ್ಕಳು ಎಷ್ಟು ದಿನ ಬಂದರು ಎಂಬುದನ್ನು ತಂಡದ ನಾಯಕರೇ ಬಂದು ಪೆನ್ನಿನಲ್ಲಿ ತುಂಬಲಿ. ಮುಂದಿನ ಜುಲೈನ ಸಭೆಗೆ ಹೋದ ವರ್ಷದ ಪಟ್ಟಿಯ ಬದಲು ಆ ಕಾಗದವನ್ನೇ ಬಿಚ್ಚಿಕೊಂಡು ಹೋಗಿ.